ಉಗುರಿನ ಗುರುತು

ಪೋಂಡಾ ಹತ್ತಿರದ ಮಡ್ಕಯಿಯ ಒಂದು ಕಾರಖಾನೆಯಲ್ಲಿ ನೀರಿನ ಪಂಪಿಗೆ ಹಾಕುವ ರಬ್ಬರ್ ರಿಂಗುಗಳು ತಯಾರಾಗುತ್ತಿದ್ದವು. ಅಚ್ಚಿನಿಂದ ತೆಗೆದ ರಿಂಗು ಹದವಾಗಿ ಬೆಂದಿದೆಯೋ ಇಲ್ಲವೋ ಎಂದು ಹೇಳಬಲ್ಲವಳು ಖುರ್ಷಿದಾಬೇಗಂ ಒಬ್ಬಳೇ. ಹೆಬ್ಬೆರಳಿನ ಉಗುರು ಒತ್ತಿ, ಗುರುತು ಮಾಯವಾಗುವ ಬಗೆ ನೋಡಿದರೆ ಅವಳಿಗೆ ತಿಳಿಯುತ್ತಿತ್ತು. ವಿಜಾಪುರದಿಂದ ಗಂಡನ ಜೊತೆ ಬಂದವಳು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು. ಬಾಡಿಗೆಯ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ. ಕೆಲಸದಲ್ಲಿ ಮಾತ್ರ ದಿನವಿಡೀ ಯಾರಾದರೊಬ್ಬರು ರಿಂಗು ಹಿಡಿದು ಬರುವರು, ಜೊತೆಗೆ ಮನೆಯ ಸುದ್ದಿಯನ್ನೂ ತರುವರು.

ತೊಂಬತ್ನಾಲ್ಕರಲ್ಲಿ ಹೊರದೇಶದ ಗಿರಾಕಿಯೊಬ್ಬ ಎಲ್ಲ ಕೆಲಸವೂ ಬರಹದಲ್ಲಿರಬೇಕೆಂದು ಪಟ್ಟು ಹಿಡಿದ. ಧಾರವಾಡದ ಇಂಜಿನಿಯರ್ ದಿಗಂಬರ ಮೂರು ವಾರ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಮಳೆಗಾಲದಲ್ಲಿ ಎರಡು ನಿಮಿಷ ಹೆಚ್ಚು ಯಾಕೆ, ದಪ್ಪ ರಿಂಗಿಗೆ ಎಷ್ಟು ಹೊತ್ತು, ಎಲ್ಲ ಕೇಳಿ ಬರೆದುಕೊಂಡ. ಅವಳ ಮಾತನ್ನು ಅಷ್ಟು ಮನಸ್ಸಿಟ್ಟು ಯಾರೂ ಕೇಳಿರಲಿಲ್ಲ. ಅವಳು ಏನನ್ನೂ ಮುಚ್ಚಿಡಲಿಲ್ಲ.

ರಿಂಗು ಬೇಯಿಸುವ ಪ್ರತಿ ಪ್ರೆಸ್ಸಿನ ಮೇಲೂ ಎಷ್ಟು ನಿಮಿಷವೆಂದು ಬರೆದ ತಖ್ತೆ ತೂಗಿತು. ಕೆಡುವ ಮಾಲು ಅರ್ಧಕ್ಕಿಳಿಯಿತು. ರಿಂಗು ಹಿಡಿದು ಜನ ಅವಳ ಹತ್ತಿರ ಬರುವುದೂ ನಿಂತಿತು. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಮಧ್ಯಾಹ್ನದ ರೊಟ್ಟಿಯನ್ನು ಡಬ್ಬಗಳ ನಡುವೆ ಒಬ್ಬಳೇ ಕೂತು ತಿನ್ನತೊಡಗಿದಳು.

ಮರುವರ್ಷ ಬೇರೆ ಕಡೆಯ ರಬ್ಬರು ಬಂತು. ತಖ್ತೆಯಂತೆಯೇ ಬೇಯಿಸಿದರೂ ರಿಂಗುಗಳು ಬಿರುಕು ಬಿಡತೊಡಗಿದವು. ದಿಗಂಬರ ಐದಾರು ರಿಂಗು ಹಿಡಿದು ಪ್ಯಾಕಿಂಗಿಗೆ ಬಂದ. ಖುರ್ಷಿದಾ ಒಂದೊಂದನ್ನೇ ಒತ್ತಿ ನೋಡಿ, ಇದು ಲಗೂನ ಬೇಯುವ ರಬ್ಬರು, ಹೆಚ್ಚು ಬೆಂದುಹೋಗಿದೆ ಎಂದಳು. ಎಷ್ಟು ನಿಮಿಷ ಕಮ್ಮಿ ಮಾಡಬೇಕೆಂದು ಅವನು ಪೆನ್ನು ತೆಗೆದ.

"ಬರಕೊಂಡು ಏನ್ ಮಾಡ್ತೀರಿ ಸಾಹೇಬ್ರ? ನಾಳಿ ಮತ್ತೊಂದು ರಬ್ಬರ್ ಬರತೈತಿ. ಯಾರನ್ನರ ನನ್ನ ಬಾಜೂಕ ಕುಂಡ್ರಸ್ರಿ, ಕೈಗೆ ಕಲಸ್ತೇನಿ."

ಅವನಿಗೆ ಖರೇ ಅನಿಸಿತು. ಪ್ರೆಸ್ಸಿನ ಕೆಲಸದ ಗಂಗೀಬಾಯಿಯನ್ನು ಕಳಿಸಿದ. ಎರಡು ತಿಂಗಳು ಇಬ್ಬರೂ ಜೊತೆಗೆ ಕೂತರು, ಜೊತೆಗೆ ಉಂಡರು. ಗಂಗೀಬಾಯಿ ಅತ್ತೆಯ ಜಗಳ ಹೇಳಿ ನಗಿಸುತ್ತಿದ್ದಳು. ಕೈ ಚುರುಕು, ಬೇಗ ಕಲಿತಳು.

ಕಂಪನಿಯೂ ಕಲಿತಿತ್ತು. ಹೊಸ ರಬ್ಬರು ಬಂದಾಗಲೆಲ್ಲ ಮೊದಲು ಉಗುರಿನ ಪರೀಕ್ಷೆ, ಆಮೇಲೆ ತಖ್ತೆಯ ತಿದ್ದುಪಡಿ ಎಂದು ನಿಯಮವಾಯಿತು. ಕಲಿತವರಿಬ್ಬರೂ ಒಂದೇ ಪಾಳಿಯಲ್ಲಿ ಯಾಕೆಂದು, ಬೆಳಗಿನ ಪಾಳಿಗೆ ಗಂಗೀಬಾಯಿಯನ್ನೂ ಮಧ್ಯಾಹ್ನದ ಪಾಳಿಗೆ ಖುರ್ಷಿದಾಳನ್ನೂ ಹಾಕಿದರು. ಜೊತೆಗೆ ಕೂತು ಉಣ್ಣಬೇಕೆಂಬುದು ಖುರ್ಷಿದಾ ಕಂಪನಿಗೆ ಹೇಳಬಹುದಾದ ಕಾರಣವಾಗಿರಲಿಲ್ಲ.

ಈಗ ಇಬ್ಬರೂ ಸಿಗುವುದು ಗೇಟಿನಲ್ಲಿ, ಒಬ್ಬಳು ಹೊರಡುವಾಗ, ಇನ್ನೊಬ್ಬಳು ಬರುವಾಗ.

"ಇವತ್ತಿನ ರಬ್ಬರ್ ಸ್ವಲ್ಪ ಬಿರುಸ ಐತ್ರಿ ಆಪಾ," ಅಂದಳು ಒಂದು ದಿನ ಗಂಗೀಬಾಯಿ.

ನಿನ್ನ ಅತ್ತೆ ಹೇಗಿದ್ದಾಳೆಂದು ಖುರ್ಷಿದಾ ಕೇಳುವಷ್ಟರಲ್ಲಿ ಪೋಂಡಾದ ಬಸ್ಸು ಬಂತು. ಗಂಗೀಬಾಯಿ ಓಡಿ ಹತ್ತಿದಳು. ಖುರ್ಷಿದಾ ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಒಳಗೆ ಹೋದಳು.