ಮತ್ತೆ ಏಣಿ ಹತ್ತಿದ ಲೈನ್‌ಮನ್

ಮೈತೂಕ ನೂರಹದಿನೈದು ಕಿಲೋ ದಾಟಿದ ಮೇಲೆ ಲೈನ್‌ಮನ್‌ಗೆ ಕಂಬ ಹತ್ತುವ ಕೆಲಸ ತಪ್ಪಿ, ದೂರು ಬರೆದುಕೊಳ್ಳುವ ಕುರ್ಚಿ ಗಂಟುಬಿದ್ದಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹಸಿವು ತಗ್ಗಿಸಿ ತೂಕ ಇಳಿಸುವ, ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಮೊದಲ ತಿಂಗಳು ಹೊಟ್ಟೆ ತೊಳಸಿದ್ದೇ ಬಂತು, ಇಳಿದದ್ದು ಎರಡೇ ಕಿಲೋ.

"ಭಾವ, ನನ್ನ ಹತ್ರ ಜಾಸ್ತಿ ಡೋಸಿಂದು ಒಂದು ಉಳಿದಿದೆ, ಚುಚ್ಕೊಳ್ಳಿ," ಎಂದ, ಅದೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ ಬಾಮೈದ. ಲೈನ್‌ಮನ್ ಕೈ ಚಾಚಿಯೇಬಿಟ್ಟ. ಹೆಂಡತಿ ಅದನ್ನು ಕಿತ್ತುಕೊಂಡು, ಗಂಡನನ್ನು ಡಾಕ್ಟರ ಮುಂದೆ ಕೂರಿಸಿದಳು.

"ಮೈ ಒಗ್ಗಿದ ಹಾಗೆ ಡೋಸ್ ಏರಿಸ್ಬೇಕು. ಒಂದೇ ಸಲ ಏರಿಸಿದ್ರೆ ವಾಂತಿಯಾಗಿ ಮಲಗಿಬಿಡ್ತೀರಿ," ಎಂದರು ಡಾಕ್ಟರು.

"ಎಲ್ಲಾ ನನ್ನ ಬಾಯಿಚಪಲದಿಂದಾನೇ ಅಲ್ವಾ, ಮೇಡಂ?"

"ಹಸಿವು ನಿಮ್ಮ ಮಾತು ಕೇಳ್ತಿರಲಿಲ್ಲ. ಅದೂ ಒಂದು ಕಾಯಿಲೇನೇ. ನಾಚಿಕೆ ಯಾಕೆ?"

ಮೈ ಬೆಳೆಯತೊಡಗಿದ ಹತ್ತು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು.

ಆಮೇಲೆ ತಿಂಗಳು ತಪ್ಪದೆ ಡಾಕ್ಟರನ್ನು ಕಂಡ. ಮಿತವಾಗಿ ಉಂಡ, ಸಂಜೆ ನಡೆದ. ಹತ್ತನೇ ತಿಂಗಳಲ್ಲಿ ಮೇಲಧಿಕಾರಿ ಅವನ ಇಳಿದ ತೂಕ ನೋಡಿ, ಸುರಕ್ಷತಾ ಬೆಲ್ಟನ್ನು ಕೈಗಿತ್ತರು. ಕಂಬಕ್ಕೆ ಒರಗಿಸಿದ ಏಣಿಯ ಆರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು, ಅಲ್ಲೇ ನಿಂತ.

"ಇಳೀತೀಯೇನೋ?" ಕೆಳಗಿನಿಂದ ಜೊತೆಗಾರ ಕೂಗಿದ.

"ಈಗ ತಾನೇ ಹತ್ತಿದೀನಿ, ಸುಮ್ನಿರೋ!" ಎಂದು ನಕ್ಕು, ಉಸಿರು ಎಳೆದುಕೊಂಡು ಏಳನೆಯದಕ್ಕೆ ಕಾಲಿಟ್ಟ.