ಬೂಷ್ಟಮ್ಮನ ಗೆಲುವು

“ಒಂದೂ ಉಳಿದಿಲ್ಲ ನೋಡಿ ಸಾರ್!” ಭಾವ ಬದುವಿನ ಮೇಲೆ ನಿಂತು, ಹೊಲವನ್ನೆಲ್ಲ ತಾನೇ ಹೆತ್ತವನಂತೆ ಕೈ ಚಾಚಿದ. “ನಮ್ಮ ಬೂಷ್ಟಮ್ಮ ಸಾಧಿಸಿಬಿಟ್ಲು!”

ಬೂಷ್ಟಮ್ಮ ಅವಳಿಗೆ ಅವನಿಟ್ಟ ಹೆಸರು. ಹೆಂಡತಿಯ ತಂಗಿ ಸಂಶೋಧನಾ ಕೇಂದ್ರದಲ್ಲಿ ಕಳೆಗಿಡಕ್ಕೆ ರೋಗ ತರುವ ಶಿಲೀಂಧ್ರ ಬೆಳೆಸುತ್ತಾಳೆಂದು ತಿಳಿದ ದಿನದಿಂದ ಅವನ ಬಾಯಿಗೆ ಅದೇ ಚಪಲ. “ಔಷಧಿಗೇ ಜಗ್ಗದ ಮುಳ್ಳುಕಳೆ ಇವಳ ಬೂಷ್ಟಿಗೆ ಹೆದರುತ್ತಾ?” ಎಂದು ಊಟಕ್ಕೆ ಕೂತವರೆದುರು ನಗುತ್ತಲೇ, ಪ್ರಯೋಗಕ್ಕೆಂದು ಮೆಕ್ಕೆಜೋಳದ ಹೊಲದ ಒಂದು ಮೂಲೆ ಬಿಟ್ಟುಕೊಟ್ಟಿದ್ದ. ಭಿಕ್ಷೆ ಹಾಕುವವನ ಧಾರಾಳ.

ಕೇಂದ್ರದ ನಿರ್ದೇಶಕರು ಆಗಲೇ ಫೋಟೋಗೆ ಮುಖ ಸಜ್ಜು ಮಾಡಿಕೊಂಡಿದ್ದರು. ಈ ಕೆಲಸ ನಿಲ್ಲಿಸಬೇಕೆಂದು ಸಭೆ ಸಭೆಯಲ್ಲೂ ಮೇಜು ಕುಟ್ಟಿದವರು ಅವರೇ. ಈಗ “ನಮ್ಮ ಕೇಂದ್ರದ ಕನಸು” ಎನ್ನುತ್ತಿದ್ದರು.

ಅವಳು ಮಂಡಿಯೂರಿ ಕೂತಳು. ಕಳೆ ಬುಡದಿಂದ ತುದಿಯವರೆಗೆ ಒಂದೇ ಸಮ ಹಳದಿಗಟ್ಟಿ ಸುರುಟಿತ್ತು. ಪಕ್ಕದ ಹುಲ್ಲೂ ಹಾಗೇ. ಜೋಳದ ಮೊದಲ ಸಾಲೂ ಹಾಗೇ. ಅವಳ ಶಿಲೀಂಧ್ರವಾದರೋ ಮುಳ್ಳುಕಳೆಯೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

“ಭಾವ, ಏನು ಹೊಡೆಸಿದ್ರಿ?”

ಅವನು ಬಗ್ಗಿ ದನಿ ತಗ್ಗಿಸಿದ. “ಸುಮ್ನಿರೇ. ದೊಡ್ಡೋರು ಬರ್ತಾರೆ ಅಂದ್ಯಲ್ಲ. ಎಲ್ಲರೆದುರು ನೀನು ಪೆಚ್ಚುಮೋರೆ ಹಾಕ್ಕೊಂಡು ನಿಲ್ಲೋದು ಬೇಡ ಅಂತ ಕಳೆನಾಶಕ ಮೂರು ಪಟ್ಟು ಹೊಡೆಸ್ದೆ. ನಿಮ್ಮಕ್ಕನೂ ಹ್ಞೂಂ ಅಂದ್ಲು.”

ಅಕ್ಕನೂ. ಇವನ ನಗೆಯನ್ನು ಅವಳು ಇಷ್ಟು ದಿನ ನುಂಗಿಕೊಂಡಿದ್ದಳು; ಈ ಕನಿಕರ ಗಂಟಲಲ್ಲಿ ಇಳಿಯಲಿಲ್ಲ.

ಎದ್ದು ನಿಂತಳು. “ಸಾರ್, ಇದು ಅಂಗಡಿ ಔಷಧಿ ಹೊಡೆದಿರೋದು. ನಮ್ಮ ಶಿಲೀಂಧ್ರದ ಕೆಲಸ ಅಲ್ಲ.”

ನಿರ್ದೇಶಕರು ಕ್ಯಾಮೆರಾದವನತ್ತ ಹಲ್ಲು ಬಿಟ್ಟುಕೊಂಡೇ ಗೊಣಗಿದರು. “ಸತ್ತಿದೆ ತಾನೇ? ಯಾವುದರಿಂದ ಅಂತ ಫೋಟೋದಲ್ಲಿ ಕಾಣುತ್ತಾ? ಬಂದು ನಿಂತ್ಕೊಳ್ಳಮ್ಮ.”

“ವರದಿಯಲ್ಲಿ ಕಾಣುತ್ತೆ ಸಾರ್.”

ಬೆನ್ನು ತಿರುಗಿಸಿ ಹೊರಟಳು. ಹಿಂದೆ ಅವರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಸತ್ತ ಗಿಡಗಳ ಮುಂದೆ ಇಬ್ಬರಿಗೂ ಚೆನ್ನಾಗಿಯೇ ನಗು ಬಂತು.

ಕಾಲುವೆಯ ಆಚೆ, ಸ್ಪ್ರೇ ತಾಗದ ಕಡೆ, ಒಂದು ಮುಳ್ಳುಕಳೆ ಉಳಿದಿತ್ತು. ಪಕ್ಕ ಕೂತು ಎಲೆ ಮಗುಚಿ ನೋಡಿದಳು. ಅಡಿಯಲ್ಲೆಲ್ಲ ಕಂದು ಚುಕ್ಕೆ, ಚುಕ್ಕೆಯೊಳಗೆ ಉಂಗುರದೊಳಗೊಂದು ಉಂಗುರ, ಅವಳ ಶಿಲೀಂಧ್ರದ್ದೇ ಗುರುತು. ಕೆಳಗಿನ ಎಲೆಗಳು ಆಗಲೇ ಜೋತುಬಿದ್ದಿದ್ದವು, ರೋಗ ಮೇಲಕ್ಕೆ ಹತ್ತುತ್ತಿತ್ತು. ಬುಡದ ಸುತ್ತ ಹುಲ್ಲು ಎಳೆ ಹಸಿರಾಗಿ ನಿಂತಿತ್ತು.

ಬದುವಿನಾಚೆ ಜೀಪು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಅವಳು ಮುಳ್ಳು ಚುಚ್ಚದಂತೆ ಆ ಎಲೆಯನ್ನು ಬೆರಳ ಮೇಲೆ ಎತ್ತಿ ಹಿಡಿದು ಕೂತೇ ಇದ್ದಳು.