ಫಾತಿಹಾ ಯಾರಿಗೆ

ನನ್ನ ಗಂಡ ಬೂಶ್ತಾಗೆ ಕಿವಿ ಕೇಳುವುದಿಲ್ಲವೆಂದು ನನಗೂ ಮಗಳು ಬತೂಲಳಿಗೂ ಮಾತ್ರ ಗೊತ್ತಿತ್ತು. ಹಾಲುಹಲ್ಲು ಉದುರುವ ವಯಸ್ಸಿನಿಂದ ಫೆಸ್ ಊರಿನ ತಾಮ್ರದವರ ಚೌಕದಲ್ಲಿ ಹಂಡೆ ಬಡಿದವರು, ಇನ್ನೇನಾಗಬೇಕಿತ್ತು? ಆದರೆ ಅವರು ಬರೀ ಕೆಲಸಗಾರರಲ್ಲ, ಚೌಕದ ಅಮೀನ್. ಯಾರಾದರೂ ಜಗಳವಾಡಿಕೊಂಡು ಬಂದರೆ ಎರಡೂ ಕಡೆಯ ಮಾತು ಕೇಳಿ ತೀರ್ಪು ಹೇಳಬೇಕಾದ ಹಿರಿಯ. ಕೇಳುವುದೇ ಕೆಲಸವಾದವರು ಕೇಳಿಸುವುದಿಲ್ಲವೆಂದು ಹೇಗೆ ಬಾಯಿ ಬಿಟ್ಟಾರು? ಬತೂಲ್ ತನ್ನ ಸಂಬಳದಲ್ಲಿ ತಂದುಕೊಟ್ಟ ಕಿವಿ ಮಿಷನ್ನು ಕಪಾಟಿನಲ್ಲೇ ಬಿದ್ದಿತ್ತು. ಅದನ್ನು ಸಿಕ್ಕಿಸಿಕೊಂಡು ಹೋದರೆ ಇಲ್ಲಿಯವರೆಗಿನ ತೀರ್ಪುಗಳೆಲ್ಲ ಕಿವುಡನ ತೀರ್ಪು ಎಂದಾರು ಅನ್ನುವುದು ಅವರ ಹೆದರಿಕೆ.

ಚೌಕದಲ್ಲಿ ತೊಂದರೆಯಿರಲಿಲ್ಲ. ಸುತ್ತಿಗೆಗಳ ಸದ್ದಿನಲ್ಲಿ ಅಲ್ಲಿ ಎಲ್ಲರೂ ಕೈ, ಹುಬ್ಬು, ತುಟಿಗಳಲ್ಲೇ ಮಾತಾಡುವುದು. ಗೋಳು ಶುರುವಾಗುತ್ತಿದ್ದುದು ಸದ್ದಿಲ್ಲದ ಕಡೆ. ಕಾಫಿ ಅಂಗಡಿಗೆ ಹೋಗುವುದನ್ನು ಬಿಟ್ಟರು. ಮದುವೆ ಮನೆಗಳಲ್ಲಿ ಗೋಡೆಗೆ ಒರಗಿ ಕೂತು, ಎಲ್ಲರೂ ನಕ್ಕ ಮೇಲೆ ತಾವೂ ನಗುತ್ತಿದ್ದರು. ಯಾರು ಏನು ಕೇಳಿದರೂ ಒಂದು ನಗು, ದೇವರಿಚ್ಛೆಯಿದ್ದರೆ ಆಗಲಿ ಎಂದು ಒಂದು "ಇನ್ಶಾಅಲ್ಲಾ". ತಮ್ಮ ಕಿವುಡು ಮುಚ್ಚಿಡಲು ದೇವರ ಹೆಸರೇ ಬೇಕಿತ್ತೆ ಎಂದು ನನಗೆ ಮೈ ಉರಿಯುತ್ತಿತ್ತು. ಪಕ್ಕದಲ್ಲಿ ನಾನಿದ್ದರೆ ಮೊಣಕಾಲು ಒತ್ತಿ ಸುಳಿವು ಕೊಡುತ್ತಿದ್ದೆ. ಗಂಡಸರ ಕೂಟದಲ್ಲಿ ನಾನು ಹೋಗಿ ಕೂರಲಾದೀತೆ?

ಒಂದು ಶುಕ್ರವಾರ, ನಾವು ಕುಸ್ಕುಸ್ ಉಂಡು ಎದ್ದ ಹೊತ್ತಿಗೆ, ಹೇಳದೆ ಕೇಳದೆ ಹಾಜಿ ಮೆಕ್ಕಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಹಾಜಿ ಪಕ್ಕದ ಅಂಗಡಿಯವರು, ನನ್ನ ಗಂಡನ ಜೊತೆಗೇ ಸುತ್ತಿಗೆ ಹಿಡಿದವರು. ಅವರ ತಮ್ಮ ತಯ್ಯಬ್ ಈಚೆಗಷ್ಟೇ ತೀರಿಕೊಂಡಿದ್ದ. ಕೈಯಲ್ಲಿ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚುಗಳಿದ್ದವು. ನಮ್ಮಲ್ಲಿ ಸಾವಿಗೂ ಸಕ್ಕರೆ ಅಚ್ಚೇ, ಹೆಣ್ಣು ಕೇಳುವುದಕ್ಕೂ ಸಕ್ಕರೆ ಅಚ್ಚೇ. ಫಾತಿಹಾ ಪ್ರಾರ್ಥನೆಯೂ ಹಾಗೆಯೇ: ಸತ್ತವರಿಗೂ ಓದುತ್ತಾರೆ, ಎರಡು ಮನೆಯವರು ಸಂಬಂಧ ಗಟ್ಟಿ ಮಾಡಿಕೊಂಡಾಗಲೂ ಓದುತ್ತಾರೆ. ಓದಿದ ಮೇಲೆ ಕೊಟ್ಟ ಮಾತಿಗೆ ತಪ್ಪುವಂತಿಲ್ಲ.

ನಾನು ಅಡುಗೆಮನೆಯಲ್ಲಿ ಪುದೀನ ಚಹಾ ಕಾಯಿಸುತ್ತ ಕಿವಿಗೊಟ್ಟು ನಿಂತಿದ್ದೆ. ತಯ್ಯಬ್ ಹೋದ, ಅವನ ಮಗನಿಗೆ ಇನ್ನು ನಾನೇ ತಂದೆ, ನಿಮ್ಮ ಬತೂಲಳನ್ನು ಅವನಿಗೆ ಕೊಡಿ ಎಂದು ಹಾಜಿ ಕೇಳುತ್ತಿದ್ದರು. ಆ ಹುಡುಗ ಬೇಡವೆಂದು ಬತೂಲ್ ಮೊದಲೇ ಹೇಳಿದ್ದಳು. ಬೇಡ ಅಂದರೆ ಬೇಡ ಎಂದು ಅಪ್ಪನೂ ಮಾತು ಕೊಟ್ಟಿದ್ದರು. ಇವರು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಾರೆಂದು ಕಾದೆ. ಕೇಳಿಸಿದ್ದು "ಇನ್ಶಾಅಲ್ಲಾ". ನಾನು ಬಾಗಿಲಿಗೆ ಓಡುವಷ್ಟರಲ್ಲಿ ಎಲ್ಲರೂ ಅಂಗೈ ಮೇಲೆತ್ತಿ ಫಾತಿಹಾ ಓದುತ್ತಿದ್ದರು. ಕೊನೆಗೆ ನನ್ನ ಗಂಡ ಎಲ್ಲರಿಗಿಂತ ಜೋರಾಗಿ ಆಮೀನ್ ಎಂದು ಕಣ್ಣೊರೆಸಿಕೊಂಡರು. ಹೆಣ್ಣು ಹೆತ್ತವನ ಕರುಳು ಎಂದುಕೊಂಡು ಹಾಜಿ ಅವರನ್ನು ತಬ್ಬಿಕೊಂಡರು.

ಬಂದವರು ಹೋದ ಮೇಲೆ "ಪಾಪ, ತಯ್ಯಬ್" ಎಂದು ಇವರು ನಿಟ್ಟುಸಿರು ಬಿಟ್ಟರು. ಅಷ್ಟು ಹೊತ್ತಿನ ಮಾತಿನಲ್ಲಿ ಅವರ ಕಿವಿಗೆ ಬಿದ್ದದ್ದು ಆ ಹೆಸರೊಂದೇ. ಬತೂಲ್ ಅವರೆದುರು ಕೂತು, ತುಟಿ ಕಾಣುವಂತೆ ಬಿಡಿಸಿ ಹೇಳಿದಳು. "ಅಪ್ಪಾ, ನೀನ್ ಓದಿದ್ದು ತಯ್ಯಬ್ ಚಿಕ್ಕಪ್ಪಂಗಲ್ಲ. ನಂಗೆ."

ಅವರು ಸಕ್ಕರೆ ಅಚ್ಚುಗಳತ್ತ ತಿರುಗಿ ನೋಡಿದರು. ಬಾಯಿ ಬಿಟ್ಟರೆ ಅಮೀನ್‌ಗಿರಿ ಹೋಗುತ್ತದೆ, ಬಿಡದಿದ್ದರೆ ಮಗಳು ಹೋಗುತ್ತಾಳೆ. ಕೊನೆಗೆ, ಹುಡುಗ ಕೆಟ್ಟವನೇನಲ್ಲ ಎಂದು ಗೊಣಗಿದರು. ಬತೂಲ್ ಎದ್ದು ಒಳಗೆ ಹೋದಳು. ಆಗ ನಾನು ಸುಮ್ಮನಿರಲಿಲ್ಲ.

"ನಿಮ್ ಕಿವಿ ಮರ್ಯಾದೆ ಉಳಿಸ್ಕೊಳಕ್ಕೆ ನನ್ ಮಗಳನ್ನ ಕೊಡ್ಬೇಡಿ. ನಾಳೆ ನೀವ್ ಹೇಳ್ತೀರೋ, ನಾನೇ ಹೇಳ್ಲೋ?"

ಮರುದಿನ ಸಕ್ಕರೆ ಅಚ್ಚುಗಳನ್ನು ಚೀಲಕ್ಕೆ ಹಾಕಿಕೊಂಡು ನಾನೂ ಅವರ ಹಿಂದೆಯೇ ಹೋದೆ. ಚೌಕದಲ್ಲಿ ಕಿವಿ ಕಿತ್ತುಹೋಗುವ ಸದ್ದು. ತುಟಿ ಓದಬಲ್ಲ ಆ ಜನರಿಗೆ ಗೊತ್ತಾಗಬಾರದೆಂದು ನನ್ನ ಗಂಡ ಹಾಜಿಯ ಕಿವಿಗೇ ಬಾಯಿಟ್ಟು ಹೇಳಿದರು. ಮನೆಯಿಂದ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದ ಮಾತುಗಳವು: ನನಗೆ ಕಿವಿ ಕೇಳಿಸುವುದಿಲ್ಲ, ನಿನ್ನೆ ನೀವು ಕೇಳಿದ್ದು ತಿಳಿಯಲಿಲ್ಲ, ಹುಡುಗಿಯನ್ನು ಕೊಡಲಾಗುವುದಿಲ್ಲ.

ಹಾಜಿ ಮೆಕ್ಕಿ ನಕ್ಕು ತಲೆಯಾಡಿಸಿದರು. "ಇನ್ಶಾಅಲ್ಲಾ" ಎಂದರು.

ಅವರಿಗೂ ಏನೂ ಕೇಳಿಸಿರಲಿಲ್ಲ. ಆ ನಗುವನ್ನು ನನ್ನ ಗಂಡ ಹಾಗೇ ನೋಡುತ್ತ ನಿಂತುಬಿಟ್ಟರು. ಅದರ ಗುರುತು ಅವರಿಗಲ್ಲದೆ ಇನ್ಯಾರಿಗೆ ಸಿಗಬೇಕು? ಆಮೇಲೆ, ಹೇಳಿಯಾಯಿತಲ್ಲ, ಮನೆಗೆ ಹೋಗೋಣ ಎಂಬಂತೆ ನನ್ನತ್ತ ತಿರುಗಿದರು. ನಾನು ಚೀಲ ಹಿಡಿದು ನಿಂತಲ್ಲೇ ನಿಂತೆ.

ಅವರು ಚೌಕದ ನಡುವೆ ಹೋಗಿ ಕೈ ಎತ್ತಿದರು. ಅಮೀನ್ ಕೈ ಎತ್ತಿದರೆ ಸುತ್ತಿಗೆಗಳು ನಿಲ್ಲಬೇಕು. ಒಂದೊಂದಾಗಿ ನಿಂತವು.

"ನಂಗೆ ಕಿವಿ ಕೇಳ್ಸಲ್ಲ" ಎಂದು ಕೂಗಿ ಹೇಳಿದರು. "ತುಂಬಾ ವರ್ಷ ಆಯ್ತು. ನಿನ್ನೆ ನಾನ್ ಓದಿದ್ದು ತಯ್ಯಬನಿಗೆ. ನನ್ ಮಗಳನ್ನ ನಾನ್ ಕೊಟ್ಟಿಲ್ಲ."

ಮೂಲೆಯಲ್ಲಿ ಯಾವನೋ ಕಿಸಕ್ಕೆಂದು ನಕ್ಕ. ಇವರ ತೀರ್ಪಿನಿಂದ ಹಿಂದೊಮ್ಮೆ ಸೋತವನೇ ಇರಬೇಕು. ಅಮೀನ್‌ಗಿರಿ ಅಲ್ಲಿಗೆ ಮುಗಿಯಿತೆಂದು ನನಗೂ ಗೊತ್ತಾಯಿತು, ಅವರಿಗೂ. ಹಾಜಿ ಮೆಕ್ಕಿ ಕಿವಿಯವರೆಗೂ ಕೆಂಪಾಗಿದ್ದರು. ಮೆಲ್ಲಗೆ ಎದ್ದು ಬಂದು, ನನ್ನ ಕೈಯಿಂದ ಸಕ್ಕರೆಯ ಚೀಲ ತೆಗೆದುಕೊಂಡು, ನೆಲ ನೋಡುತ್ತ ಏನೋ ಹೇಳಿದರು.

ನನ್ನ ಗಂಡ ಅಷ್ಟು ಜನರೆದುರು ಕಿವಿಯ ಹಿಂದೆ ಕೈಯಿಟ್ಟು ನನ್ನತ್ತ ಬಾಗಿದರು. "ಏನಂದ್ರು?"

"ಆ ಫಾತಿಹಾ ನನ್ ತಮ್ಮಂಗೇ ಇರ್ಲಿ ಅಂದ್ರು" ಎಂದೆ.

ಎರಡನೆಯ ಸಲ ಕೂಗಿ ಹೇಳಬೇಕಾಯಿತು.